ಒಂದು ತಿಂಗಳ ಯಜಮಾನಿ

ಒಂದನೇ ತಾರೀಕು ಕಂಡಕ್ಟರ್ ಸಂಬಳದ ಕವರನ್ನು ಹೆಂಡತಿಯ ಕೈಗೆ ಕೊಡದೆ ಮಗಳ ಗಣಿತದ ಪುಸ್ತಕದ ಮೇಲಿಟ್ಟ. ಹದಿನೈದರ ಮಗಳು ಸೈಕಲ್ ಸೈಕಲ್ ಎಂದು ಅವನ ತಲೆ ತಿನ್ನತೊಡಗಿ ಎಷ್ಟೋ ದಿನವಾಗಿತ್ತು. ಅಪ್ಪನ ಬಸ್ಸಿನಲ್ಲೇ ಶಾಲೆಗೆ ಹೋಗುವುದು, ಗೆಳತಿಯರೆದುರು ಅಪ್ಪ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಗಂಟಲು ಹರಿದುಕೊಳ್ಳುವುದು ಅವಳಿಗೆ ಸಾಕುಸಾಕಾಗಿತ್ತು. "ನೀನು ಜಿಪುಣ, ಮನೆ ನನ್ನ ಕೈಗೆ ಕೊಟ್ಟು ನೋಡು" ಎಂದು ಹಿಂದಿನ ದಿನ ಅಂದೇಬಿಟ್ಟಿದ್ದಳು.

"ತಗೋ, ಈ ತಿಂಗಳು ಮನೆ ನಿಂದು," ಅಂದ ಅಪ್ಪ. "ಬಾಡಿಗೆ, ಕರೆಂಟು, ಹಾಲು, ದಿನಸಿ ಎಲ್ಲಾ ನೀನೇ ನೋಡ್ಕೋ. ಕೊನೇಲಿ ಉಳಿದಿದ್ದು ನಿನ್ನ ಸೈಕಲ್‌ಗೆ. ಸಾಲ ಮಾತ್ರ ಯಾರೂ ಮಾಡೋ ಹಾಗಿಲ್ಲ. ನಾನು ಬಾಯಿ ಹಾಕಲ್ಲ."

"ಹತ್ತನೇ ತಾರೀಕಿಗೆ ಕೈ ಎತ್ತದಿದ್ರೆ ಕೇಳು," ಎಂದಳು ಅಮ್ಮ ಒಲೆಯ ಮುಂದಿನಿಂದ.

ಕೈ ಎತ್ತುವ ಪೈಕಿಯೇ ಅಲ್ಲ ಅವಳು. ಅಮ್ಮ ಎಣ್ಣೆ ಹಾಕುವಾಗ ಪಕ್ಕದಲ್ಲಿ ನಿಂತು ಚಮಚ ಎಣಿಸಿದಳು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೆ ದಂಡ ಎಂದಳು. ಮೊದಲ ದಂಡ ಕಟ್ಟಿದವಳೂ ಅವಳೇ. ಎರಡನೇ ತಾರೀಕು ಬೆಳಿಗ್ಗೆ ಅಪ್ಪ ಚರ್ಮದ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು ಅವಳ ಮುಂದೆ ಕೈ ಒಡ್ಡಿದ.

"ನಲವತ್ತು ಕೊಡು."

"ಎರಡು ಟೀಗೆ ಇಪ್ಪತ್ತು. ಇನ್ನಿಪ್ಪತ್ತು ಯಾಕೆ?"

"ಚಿಲ್ಲರೆ ಖರ್ಚು ಇರುತ್ತೆ ಕಣೇ."

"ಚಿಲ್ಲರೆಗೂ ಲೆಕ್ಕ ಇರುತ್ತಪ್ಪಾ. ಟಿಕೆಟ್ ಹರೀದೆ ಕಾಸು ಮುಟ್ಟಬಾರದು ಅಂತ ನೀನೇ ಹೇಳ್ತೀಯಲ್ಲ!"

ಏನೋ ಹೇಳಲು ಬಾಯಿ ತೆರೆದ ಕಂಡಕ್ಟರ್, ಕೊಟ್ಟ ಮಾತು ನೆನಪಾಗಿ ಮುಚ್ಚಿಕೊಂಡ. "ಸರಿ, ಯಜಮಾನಿ," ಎಂದು ಇಪ್ಪತ್ತನ್ನೇ ಜೇಬಿಗಿಟ್ಟುಕೊಂಡು ಹೊರಟ.

ಹದಿನೈದನೇ ತಾರೀಕು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ಅವಳನ್ನು ಕರೆದು, "ನಿಮ್ಮಪ್ಪನಿಗೆ ಹುಷಾರಿಲ್ವೇನಮ್ಮಾ? ಎರಡು ವಾರ ಆಯ್ತು, ಈ ಕಡೆ ತಲೆ ಹಾಕಿಲ್ಲ," ಎಂದ. ಓಹೋ, ಹೀಗೋ ಸಮಾಚಾರ! ಅಪ್ಪ ಮನೆಗೆ ಬಂದು ಬೂಟು ಬಿಚ್ಚುವಷ್ಟೂ ಪುರುಸೊತ್ತು ಕೊಡಲಿಲ್ಲ ಅವಳು.

"ಟೀ ಕುಡೀತಿಲ್ಲ ಅಂದ್ಮೇಲೆ ಟೀ ದುಡ್ಡು ಎಲ್ಲಿ ಹೋಗ್ತಿದೆ?"

"ಖರ್ಚಾಗ್ತಿದೆ."

"ಅದೇ, ಯಾವುದಕ್ಕೆ?"

"ಕೆಟ್ಟದ್ದಕ್ಕಂತೂ ಅಲ್ಲ," ಎಂದು ಅಪ್ಪ ಬೂಟಿನ ಲೇಸು ಎಳೆಯುತ್ತ ಕೂತ. ಲೆಕ್ಕ ಹೇಳದವನಿಗೆ ದುಡ್ಡೂ ಇಲ್ಲ. ಮರುದಿನದಿಂದ ಬಾಗಿಲಲ್ಲಿ ಒಡ್ಡಿದ ಕೈ ಖಾಲಿಯೇ ಹೋಯಿತು; ನಾಲ್ಕನೇ ದಿನದಿಂದ ಅವನು ಕೈ ಒಡ್ಡುವುದನ್ನೂ ಬಿಟ್ಟ. ಇವಳ ಉಳಿತಾಯದ ಡಬ್ಬಿ ಮಾತ್ರ ತುಂಬುತ್ತ ಬಂತು.

ಇಪ್ಪತ್ತಾರನೇ ತಾರೀಕು ಶನಿವಾರ. ಅರ್ಧ ದಿನದ ಶಾಲೆ ಮುಗಿಸಿ ಅವಳು ಸೈಕಲ್ ರಿಪೇರಿ ಅಂಗಡಿಗೆ ಹೋಗಿ, ತಾನು ಗೊತ್ತು ಮಾಡಿದ್ದ ನೀಲಿ ಹಳೇ ಸೈಕಲ್ಲಿನ ಬೆಲ್ಲು ಇನ್ನೊಮ್ಮೆ ಬಾರಿಸಿ ನೋಡಿದಳು. ಒಂದನೇ ತಾರೀಕಿಗೆ ಅದು ಅವಳದು. ಹೊರಗೆ ಬಂದರೆ ಅಂಗಡಿಯ ಮೆಟ್ಟಿಲ ಮೇಲೆ ಒಬ್ಬ ತಾತ ಕೂತಿದ್ದ. ಶನಿವಾರ ಮಧ್ಯಾಹ್ನ ಅಪ್ಪನ ಬಸ್ಸಿನ ಮುಂದಿನ ಸೀಟಿನಲ್ಲಿ ಅವಳಿಗೆ ಕಾಣುತ್ತಿದ್ದ, ಆಸ್ಪತ್ರೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಹೆಂಡತಿಗೆ ದಿನಾ ಊಟದ ಕ್ಯಾರಿಯರ್ ಹಿಡಿದು ಹೋಗುತ್ತಿದ್ದ ತಾತ. ಈಗ ಚಪ್ಪಲಿ ಕಳಚಿ, ಹಿಮ್ಮಡಿಗೆ ಸುತ್ತಿದ್ದ ಬಟ್ಟೆಯನ್ನು ಬಿಗಿ ಮಾಡಿಕೊಳ್ಳುತ್ತಿದ್ದ.

"ತಾತ, ಆಸ್ಪತ್ರೆ ಇನ್ನೂ ಎಷ್ಟೋ ದೂರ ಇದೆ. ಬಸ್ಸಿಗೆ ಹೋಗೋದಲ್ವಾ?"

"ವಯಸ್ಸಾದೋರಿಗೆ ಬಸ್ಸು ಪುಕ್ಕಟೆ ಇತ್ತಲ್ಲ ಮಗಾ, ನಿಲ್ಲಿಸಿಬಿಟ್ರು. ಹತ್ತು ದಿನ ಆಯ್ತು."

ಅಂಥ ಪುಕ್ಕಟೆಯ ಸುದ್ದಿಯನ್ನು ಅವಳು ಕೇಳಿಯೇ ಇರಲಿಲ್ಲ. "ಯಾರು ಹೇಳಿದ್ದು?"

"ಇನ್ಯಾರು, ನಿಮ್ಮಪ್ಪನೇ! ಹೋಗ್ತಾ ಒಂದು ಹತ್ತರ ಟಿಕೆಟ್ಟು, ಬರ್ತಾ ಒಂದು ಹತ್ತರದ್ದು, ಹರಿದು ಕೈಲಿಡ್ತಿದ್ದ. ಕಾಸು ಕೊಡೋಕೆ ಹೋದ್ರೆ, ಕಂಪನಿಯೋರು ಕಟ್ಕೋತಾರೆ ಸುಮ್ನಿರಿ ಅಂತಿದ್ದ. ಈಗ ಮೇಲೆ ಯಾರೋ ಹೊಸ ಯಜಮಾನಿ ಬಂದಿದ್ದಾಳಂತೆ, ಭಾರೀ ಲೆಕ್ಕದೋಳಂತೆ. ಅದನ್ನ ಹೇಳೋವಾಗ ಪಾಪ, ಅವನ ಮುಖ ನೋಡೋಕಾಗ್ತಿರಲಿಲ್ಲ. ಅವನ ಕೈಲಿ ಏನಿದೆ ಹೇಳು?"

ಹತ್ತು, ಹತ್ತು, ಇಪ್ಪತ್ತು. ಬಾಗಿಲಲ್ಲಿ ನಿಂತು ತಾನು ಹೊಡೆದುಹಾಕಿದ ಇಪ್ಪತ್ತು. ಆಮೇಲೆ ಅಪ್ಪ ಟೀ ಬಿಟ್ಟು ಹೊಂದಿಸಿದ ಇಪ್ಪತ್ತು. ನಾಚಿಕೆಯಿಂದ ಅವಳ ಕಿವಿಗಳು ಕಾದವು. ಮೆಲ್ಲಗೆ ಕೇಳಿದಳು: "ಆ ಯಜಮಾನಿ... ಕೆಟ್ಟೋಳಾ ತಾತ?"

"ಛೆ ಛೆ! ಲೆಕ್ಕ ಕೇಳಿದ ಮಾತ್ರಕ್ಕೆ ಕೆಟ್ಟೋಳಾಗ್ತಾಳಾ? ಅಂಥೋರೂ ಇರಬೇಕಮ್ಮಾ." ತಾತ ಚಪ್ಪಲಿ ಮೆಟ್ಟಿ, ಮೊಣಕಾಲಿಗೆ ಕೈ ಊರಿ ಎದ್ದ. ಕ್ಯಾರಿಯರನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ. "ಅವಳು ಬಂದಿರೋದೂ ಒಂದು ತಿಂಗಳ ಮಟ್ಟಿಗಂತೆ. ದೇವರು ಅವಳನ್ನ ಚೆನ್ನಾಗಿಟ್ಟಿರಲಿ. ಒಂದನೇ ತಾರೀಕು ಮಾತ್ರ ಬೇಗ ಬರಲಿ."