ಇಡ್ಲಿ ಪಾತ್ರೆಯ ನಾಣ್ಯ

ಪಾತ್ರೆ ತಳ ಸೀದ ವಾಸನೆ ಬಂದರೆ ನನಗೆ ಈಗಲೂ ಬಂಕಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ತೀರಿಕೊಂಡು ಹನ್ನೆರಡು ದಿನವಾಗಿತ್ತು. ಕಾಕಿ ಇಡ್ಲಿ ಪಾತ್ರೆ ತಿಕ್ಕಿ ಒಲೆಗೇರಿಸಿ, ಸಕ್ಕರೆ ತರಲು ನನ್ನ ಕೈಗೆ ಚಿಲ್ಲರೆ ಕೊಟ್ಟಳು. ಅಂಗಡಿಯವನು ಒಂದು ನಾಣ್ಯವನ್ನು ಮಾತ್ರ ಹಿಂದಕ್ಕೆ ತಳ್ಳಿದ. ಅದರ ಮೈತುಂಬ ಬಿಳಿ ಹಕ್ಕಳೆ, ಅಂಚೆಲ್ಲ ಜಜ್ಜಿಹೋಗಿತ್ತು.

“ಆಸಿಡ್ ಬಿದ್ದೈತಿ ನೋಡು. ಇದು ನಡೆಯಂಗಿಲ್ಲ” ಎಂದ.

ಉಗುರಿನಿಂದ ಕೆರೆದೆ. ಸುಣ್ಣದಂಥ ಪುಡಿ ಉದುರಿತು. ನಮ್ಮ ಇಡ್ಲಿ ಪಾತ್ರೆಯ ತಳದಲ್ಲಿ ಬೋರಿನ ನೀರು ಕುದಿದು ಕುದಿದು ಕಟ್ಟುತ್ತಿದ್ದುದೂ ಇದೇ ಪುಡಿ. ಅವ್ವ ಆ ನೀರಿನಲ್ಲಿ ಯಾವಾಗಲೂ ಒಂದು ನಾಣ್ಯ ಹಾಕಿರುತ್ತಿದ್ದಳು. ನೀರು ಕುದಿಯುವಷ್ಟು ಹೊತ್ತೂ ಅದು ತಳಕ್ಕೆ ಬಡಿದು ಟಕಟಕ ಎನ್ನುತ್ತಿತ್ತು.

“ಸಪ್ಪಳ ನಿಂತ್ರ ನೀರು ತೀರೈತಿ ಅಂತ ತಿಳ್ಕೋರಿ, ಲಗೂನ ಇಳಸ್ರಿ” ಎಂದು ಅಪ್ಪನಿಗೆ ಹೇಳಿ ಹೊರಗೆ ಹೋಗುತ್ತಿದ್ದಳು.

ಪಾತ್ರೆ ತಿಕ್ಕುವಾಗ ಸಿಕ್ಕ ನಾಣ್ಯವನ್ನು ಚಿಲ್ಲರೆಗೆ ಸೇರಿಸಿದ್ದ ಕಾಕಿಗೆ ಇದೇನೂ ಗೊತ್ತಿರಲಿಲ್ಲ.

ಸಕ್ಕರೆ ತರದೆ ಮನೆಗೆ ಓಡಿಬಂದೆ. ಕಾಕಿ ಹಿತ್ತಲಲ್ಲಿದ್ದಳು. ಅಡುಗೆಮನೆ ತುಂಬ ಸೀದ ವಾಸನೆ. ಅಪ್ಪ ಒಲೆಯ ಮುಂದೆಯೇ ಕುಳಿತಿದ್ದ.

“ಅಪ್ಪಾ, ನೀರು ತೀರೈತಿ” ಎಂದೆ. ನಾಣ್ಯ ನನ್ನ ಮುಷ್ಟಿಯಲ್ಲಿತ್ತು.

ಅಪ್ಪ ನನ್ನ ಕಡೆ ತಿರುಗಲಿಲ್ಲ.

“ಇಲ್ಲ, ಸಪ್ಪಳ ಇನ್ನೂ ನಿಂತಿಲ್ಲ” ಎಂದ.