ಮೊಸಳೆಯ ಒಂದು ನಿಮಿಷ

"ಎರಡನ್ನೂ ಒಟ್ಟಿಗೇ ಒತ್ತಬೇಕು. ಒಂದು ಚೂರು ಹಿಂದೆಮುಂದೆ ಆದರೂ ನಾನು ಒಪ್ಪೋದಿಲ್ಲ," ಎಂದಳು ಅತ್ತೆ.

ಅಂಗಡಿಯವನು ಒಂದೊಂದು ಕೀಬೋರ್ಡಿನ ಮೇಲೆ ಒಂದೊಂದು ಕೈ ಇಟ್ಟು, ತಬಲಾ ಬಾರಿಸುವವನಂತೆ ಎರಡನ್ನೂ ಒಮ್ಮೆಲೇ ಒತ್ತಿದ. ಮೇಜಿನ ಮೇಲೆ ಮುಚ್ಚಳ ತೆಗೆದ ಎರಡು ಕಂಪ್ಯೂಟರ್‌ಗಳು. ಮೆಮೊರಿ, ಡಿಸ್ಕು, ಪರದೆ ಎಲ್ಲ ಒಂದೇ. ಪ್ರೊಸೆಸರ್ ಮಾತ್ರ ಬೇರೆ. ಎಡಗಡೆಯದು ಆರು ಕೋರಿನದು, ಅಗ್ಗ. ಬಲಗಡೆಯದು ಹತ್ತು ಕೋರಿನದು, ದುಬಾರಿ. ಎರಡಕ್ಕೂ ಕೊಟ್ಟ ಕೆಲಸ ಒಂದೇ: ಹಲ್ಲುನೋವಿನ ಮೊಸಳೆಯ ಕಾರ್ಟೂನಿನಿಂದ ಒಂದು ನಿಮಿಷದ ತುಣುಕನ್ನು ಪೂರ್ತಿ ವಿಡಿಯೊ ಮಾಡಿ ಮುಗಿಸುವುದು.

ಆ ಮೊಸಳೆಯ ಚಿತ್ರ ಬರೆದವಳು ಸೊಸೆ, ಅದಕ್ಕೆ ದನಿ ಕೊಟ್ಟವಳು ಅತ್ತೆ. ಹೋದ ವರ್ಷದಿಂದ ಮನೆಯಲ್ಲಿ ಅವರಿಬ್ಬರೇ; ಸೊಸೆ ಹೊರಗೆ ಸುತ್ತಾಡುವುದನ್ನೂ ಬಾಯ್ತುಂಬ ನಗುವುದನ್ನೂ ಆಗಲೇ ಬಿಟ್ಟಿದ್ದಳು. ಹಳೆಯ ಲ್ಯಾಪ್‌ಟಾಪ್ ಕೆಲಸದ ನಡುವೆ ನಿಂತುಬಿಡುತ್ತಿತ್ತು; ಸೊಸೆ ದಿನವಿಡೀ ಅದರ ಮುಂದೆ ಕಾವಲು ಕೂರಬೇಕು. ಅತ್ತೆಯ ಪಾಡು ಇನ್ನೊಂದು. ಬೀದಿಯ ಸದ್ದು ಮೊಬೈಲಿನಲ್ಲಿ ಸೇರಬಾರದೆಂದು ಬಟ್ಟೆಯ ಅಲ್ಮೆರಾದೊಳಗೆ ಕುಳಿತು, ಬಾಗಿಲು ಎಳೆದುಕೊಂಡು, ಬೆವರು ಒರೆಸುತ್ತ ಮೊಸಳೆಯಾಗಬೇಕು. ಅಗ್ಗದ ಪ್ರೊಸೆಸರ್ ಕೊಂಡರೆ ಉಳಿದ ದುಡ್ಡಿಗೆ ಸುತ್ತಲಿನ ಗದ್ದಲ ಹಿಡಿಯದ ಒಳ್ಳೆಯ ಮೈಕ್ ಬರುತ್ತದೆ. ದುಬಾರಿಯದನ್ನು ಕೊಂಡರೆ ಮೈಕ್ ಇಲ್ಲ. ಅದಕ್ಕೇ ಈ ಪಂದ್ಯ.

"ನಿಮಗೆ ಯಾವುದು ಗೆಲ್ಲಬೇಕಮ್ಮಾ?" ಅಂಗಡಿಯವನು ಕೇಳಿದ.

"ಬಲಗಡೆಯದು. ಆ ಡಬ್ಬದ ಮುಂದೆ ಕೂತೂ ಕೂತೂ ಇವಳ ಬೆನ್ನು ಬಿಲ್ಲಾಗಿದೆ."

"ನನಗೆ ಎಡಗಡೆಯದು," ಎಂದಳು ಸೊಸೆ. "ಅಲ್ಮೆರಾದಿಂದ ಹೊರಗೆ ಬರುವಾಗ ಇವರನ್ನ ನೋಡಬೇಕು ನೀವು. ಹಬೆಯಲ್ಲಿ ಬೇಯಿಸಿ ತೆಗೆದ ಹಾಗಿರ್ತಾರೆ."

"ಬೆಂದರೆ ನಾನು ಬೇಯ್ತೀನಿ. ನಿನಗೇನೇ ನಷ್ಟ?"

ಅಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು. ಅಂಗಡಿಯವನು ಎದ್ದ. "ಬಿಸಿಯಾದರೆ ಯಾವ ಪ್ರೊಸೆಸರ್ ಆದರೂ ನಿಧಾನ ಆಗುತ್ತೆ. ಜೊತೆಗೆ ಬೇರೆ ಏನಾದರೂ ತೆರೆದರೂ ಅಷ್ಟೇ. ಸುಮ್ಮನೆ ನೋಡ್ತಾ ಕೂತಿರಿ, ಈಗ ಬಂದೆ."

ಅವನು ಆಚೆ ಹೋದದ್ದೇ ಅತ್ತೆ "ಏನು ಸೆಕೆನಪ್ಪಾ" ಎನ್ನುತ್ತ ಟೇಬಲ್ ಫ್ಯಾನನ್ನು ಮೆಲ್ಲಗೆ ತಿರುಗಿಸಿದಳು. ಗಾಳಿಯೆಲ್ಲ ನೇರ ಬಲಗಡೆಯ ಕಂಪ್ಯೂಟರಿಗೆ ಬಡಿಯಿತು. ಅತ್ತೆ ಸೆರಗಿನಿಂದಲೇ ಗಾಳಿ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಸೊಸೆ "ಈ ಪರದೆಯ ಬಣ್ಣ ಹೇಗಿದೆ ನೋಡ್ತೀನಿ" ಎಂದು ಬಲಗಡೆಯ ಮೌಸ್ ಹಿಡಿದಳು. ಬಣ್ಣ ನೋಡುವ ಕೆಲಸ ಬಹಳ ಹೊತ್ತು ನಡೆಯಿತು. ಅತ್ತೆ ಚಾವಣಿ ನೋಡುತ್ತಿದ್ದಳು. ಸೊಸೆಗೆ ಫ್ಯಾನಿನ ಕಡೆ ಲಕ್ಷ್ಯವಿರಲಿಲ್ಲ.

ಅಂಗಡಿಯವನು ಮರಳಿ ಬಂದಾಗ ಎರಡೂ ಹತ್ತನೆಯ ನಿಮಿಷಕ್ಕೆ, ಹೆಚ್ಚು ಕಡಿಮೆ ಒಟ್ಟಿಗೇ, ಕೆಲಸ ಮುಗಿಸಿದವು. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. "ಇದು ಹೇಗಾಗುತ್ತೆ? ಆಗೋಕೆ ಸಾಧ್ಯವೇ ಇಲ್ಲ!" ಬಲಗಡೆಯ ಪರದೆಯನ್ನು ಕೆದಕಿದ. ಮೊಸಳೆಯ ಹಿಂದೆ ಹನ್ನೊಂದು ವಿಡಿಯೊಗಳು ಸದ್ದಿಲ್ಲದೆ ಓಡುತ್ತಿದ್ದವು. ಮುಖಕ್ಕೆ ಗಾಳಿ ಬಡಿಯಲು ತಿರುಗಿ ನೋಡಿದ, ಫ್ಯಾನೂ ಸಿಕ್ಕಿಬಿತ್ತು.

"ಮೋಸ ಮಾಡಿದೆಯಲ್ಲೇ!" ಎಂದಳು ಅತ್ತೆ.

"ನೀವು ಮಾಡಿದ್ದೇನತ್ತೆ, ಸೇವೆನಾ?"

"ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ," ಅಂಗಡಿಯವನು ತಲೆಯ ಮೇಲೆ ಕೈ ಹೊತ್ತ. "ಒಂದೇ ಪ್ರೊಸೆಸರಿಗೆ ಒಬ್ಬರು ಗಾಳಿ ಬೀಸಿ, ಇನ್ನೊಬ್ಬರು ಕಾಲು ಎಳೆದದ್ದು ಇದೇ ಮೊದಲು."

ಎರಡನೆಯ ಪಂದ್ಯಕ್ಕೆ ಅವನು ಇಬ್ಬರನ್ನೂ ಸ್ಟೂಲಿನ ಮೇಲೆ ಕೂರಿಸಿ, ಕೈ ಕಟ್ಟಿಸಿ, ಎದುರಿಗೇ ನಿಂತ. ಬಲಗಡೆಯದು ಎಂಟು ನಿಮಿಷದಲ್ಲಿ ಮುಗಿಸಿತು. ಎಡಗಡೆಯದಕ್ಕೆ ಹತ್ತು ನಿಮಿಷ ಹಿಡಿಯಿತು.

"ನೋಡಿದೆಯಾ!" ಅತ್ತೆ ಸ್ಟೂಲಿನಿಂದ ಜಿಗಿದಳು.

"ತಾಳಿ ಅಮ್ಮಾ. ನಿಮ್ಮ ಸಿನಿಮಾ ಪೂರ್ತಿ ಎಷ್ಟು, ಹನ್ನೆರಡು ನಿಮಿಷ ತಾನೆ? ಎಡಗಡೆಯದಕ್ಕೆ ಇಪ್ಪತ್ನಾಲ್ಕು ನಿಮಿಷ ಜಾಸ್ತಿ, ಅಷ್ಟೇ. ಅದಕ್ಕೆ ಅಷ್ಟು ದುಡ್ಡು ಸುರಿಯಬೇಡಿ. ಎರಡರಲ್ಲಿ ಯಾವುದೂ ನಡುವೆ ಕೈಕೊಡೋದಿಲ್ಲ. ಕಾವಲು ಬೇಕಾಗಿಲ್ಲ. ಗುಂಡಿ ಒತ್ತಿಬಿಟ್ಟು ಮೇಡಂ ಹೊರಗೆ ಸುತ್ತಾಡಿಕೊಂಡು ಬರಬಹುದು."

ಅತ್ತೆ ಸೊಸೆಯ ಕಡೆ ತಿರುಗಿದಳು. "ಹೋಗ್ತೀಯಾ ಹೊರಗೆ?"

ಸೊಸೆ ಎಡಗಡೆಯ ಕೀಬೋರ್ಡಿನ ಧೂಳು ಒರೆಸತೊಡಗಿದಳು.

"ಬಾಯಿ ಬಿಟ್ಟು ಹೇಳು. ಇಲ್ಲದಿದ್ದರೆ ಬಲಗಡೆಯದೇ."

"ಹೋಗ್ತೀನಿ ಅತ್ತೆ."

"ಹಾಗಾದ್ರೆ ಎಡಗಡೆಯದನ್ನ ಕಟ್ಟಿಕೊಡಿ," ಎಂದಳು ಅತ್ತೆ.

ಅಂಗಡಿಯವನು ಮೈಕ್ ತಂದು ಜೋಡಿಸಿ, ಏನಾದರೂ ಹೇಳಿ ಎಂದ. ಬೆಳಕಿನಲ್ಲಿ ಮೊಸಳೆಯಾಗಿ ಅತ್ತೆಗೆ ಅಭ್ಯಾಸವಿರಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡಳು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ "ಅಯ್ಯಯ್ಯೋ ನನ್ನ ಹಲ್ಲೂ..." ಎಂದು ಹೇಗೆ ಊಳಿಟ್ಟಳೆಂದರೆ ಸೊಸೆ ನಕ್ಕುಬಿಟ್ಟಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯ್ತುಂಬ, ಕೊನೆಗೆ ಮೇಜಿನ ಅಂಚು ಹಿಡಿದು ಬಗ್ಗಿ, ಉಸಿರು ಸಿಗದೆ.

"ಛೆ, ನಗುವೂ ಸೇರ್ಕೊಂಡುಬಿಡ್ತು," ಅಂಗಡಿಯವನು ಮೌಸ್ ಎಳೆದುಕೊಂಡ. "ಇದನ್ನ ಅಳಿಸ್ತೀನಿ. ಇನ್ನೊಂದು ಸಲ ಹೇಳಿ ಅಮ್ಮಾ."

ಅತ್ತೆ ಅವನ ಕೈಯನ್ನು ಗಬಕ್ಕನೆ ಹಿಡಿದಳು.

"ಅಳಿಸೀರಿ ಜೋಕೆ! ಮೊಸಳೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಆ ನಗುವನ್ನ ನನ್ನ ಮೊಬೈಲಿಗೆ ಹಾಕಿಕೊಡಿ."