ಸಿನಿಮಾದ ಸವತಿ

ಸುಶೀಲಾಬಾಯಿ ಸಾಯುವುದನ್ನು ಕಣ್ಣಾರೆ ನೋಡಬೇಕೆಂದೇ ಮಲ್ಲಮ್ಮ ಔರಂಗಾಬಾದಿನಲ್ಲಿ ರೈಲು ಹತ್ತಿ, ಮನ್ಮಾಡಿನಲ್ಲಿ ಗಾಡಿ ಬದಲಿಸಿ, ನಾಸಿಕಕ್ಕೆ ಬಂದಿಳಿದಿದ್ದಳು. ಸಾಯುವುದು ಸಿನಿಮಾದಲ್ಲಿ, ನಿಜ. ಆದರೂ ಇಷ್ಟಾದರೂ ಆಗುತ್ತಿದೆಯಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡಿದ್ದಳು.

ಆ ನಟಿ ಮಲ್ಲಮ್ಮನ ಗಂಡ ವೈಜನಾಥನಿಗೆ ಹೆಂಡತಿಯಾಗುತ್ತಿರುವುದು ಇದು ಐದನೆಯ ಸಲ. ಮೂರು ಮರಾಠಿ ನಾಟಕ, ಇದೂ ಸೇರಿ ಎರಡು ಸಿನಿಮಾ. ಬೀದರ್ ಕಡೆಯ ವೈಜನಾಥ ಔರಂಗಾಬಾದಿನ ಹತ್ತಿ ಗೋದಾಮಿನಲ್ಲಿ ತಕ್ಕಡಿ ಹಿಡಿಯುತ್ತಾ, ರಜೆ ಕೇಳಿ ಕೇಳಿ ಬೈಸಿಕೊಳ್ಳುತ್ತಾ, ಹನ್ನೆರಡು ವರ್ಷಗಳಲ್ಲಿ ಪೊಲೀಸನಾಗಿದ್ದ, ಅಂಚೆಯವನಾಗಿದ್ದ, ನಾಯಕನ ಕೈಯಲ್ಲಿ ಒದೆ ತಿನ್ನುವವನೂ ಆಗಿದ್ದ. ಮುಖ ತೆರೆ ತುಂಬಾ ಕಾಣುವ ಪಾತ್ರ ಸಿಕ್ಕಿದ್ದು ಇದೇ ಮೊದಲು: ಹೆಂಡತಿ ಸತ್ತ ಬಡಗಿ.

ಮಲ್ಲಮ್ಮನಿಗೆ ಸಂತೋಷವಾಗಿರಲಿಲ್ಲ ಎಂದಲ್ಲ. ಆದರೆ ಮನೆಯಲ್ಲಿ "ಚಾ ತಾ", "ಅಂಗಿ ಎಲ್ಲದ" ಎಂಬ ಎರಡು ಮಾತಿನಲ್ಲಿ ದಿನ ದೂಡುವ ಮನುಷ್ಯ, ಕನ್ನಡಿಯ ಮುಂದೆ ನಿಂತು ಆ ಹೆಂಗಸಿಗಾಗಿ ಬೆಣ್ಣೆಯಂಥ ಮಾತುಗಳನ್ನು ಬಾಯಿಪಾಠ ಮಾಡುವುದನ್ನು ಕೇಳಿ ಅವಳ ಹೊಟ್ಟೆ ಉರಿಯುತ್ತಿತ್ತು. ಹಿಂದಿನ ನಾಟಕದಲ್ಲಿ ಅವನು ಸುಶೀಲಾಬಾಯಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆದಿದ್ದ. ಮಲ್ಲಮ್ಮನ ಕಾಲಿಗೆ ಮುಳ್ಳು ಚುಚ್ಚಿದರೆ ಸೂಜಿ ಎಲ್ಲಿದೆ ಎಂದು ಬೆರಳು ತೋರಿಸುತ್ತಿದ್ದ. ಇವತ್ತು ತೀರ್ಮಾನವಾಗಿಬಿಡಲಿ ಎಂದುಕೊಂಡೇ ಬಂದಿದ್ದಳು. ಆಕೆಗಾಗಿ ಅವನ ಕಣ್ಣಲ್ಲಿ ನಿಜವಾದ ನೀರು ಬಂದರೆ, ತಾನು ಮನೆಗೆ ವಾಪಸ್ಸು ಹೋಗುವುದಿಲ್ಲ. ನೇರ ಬೀದರಿಗೆ, ತವರಿಗೆ.

ಪಂಚವಟಿಯ ಹಿಂದಿನ ಒಂದು ಹಳೆಯ ವಾಡೆಯ ಒಳಮನೆಯಲ್ಲಿ ಶೂಟಿಂಗು. ಹಸಿರು ಸೀರೆ ಉಟ್ಟು, ಹಣೆ ತುಂಬಾ ಕುಂಕುಮ ಇಟ್ಟುಕೊಂಡು ಸಾಯಲು ತಯಾರಾಗಿದ್ದ ಸುಶೀಲಾಬಾಯಿ ತಾನೇ ಕುರ್ಚಿ ಎಳೆದು ಹಾಕಿದಳು.

"ಕೂತ್ಕೊಳ್ಳಿ, ವಹಿನಿ," ಎಂದಳು ಮರಾಠಿಯಲ್ಲಿ, ಅತ್ತಿಗೆಯನ್ನು ಕರೆಯುವ ಹಾಗೆ. "ನಿಮ್ಮ ಯಜಮಾನರನ್ನ ಇವತ್ತು ಹೇಗೆ ಅಳಿಸ್ತೀನಿ ನೋಡಿ."

"ಅಳಸವ್ವ, ಅಳಸು. ನನ್ನ ಕೈಲಿಂದಂತೂ ಹದಿನಾರು ವರ್ಷದಾಗ ಆಗಿಲ್ಲ," ಎಂದು ಮಲ್ಲಮ್ಮ ಕನ್ನಡದಲ್ಲೇ ಗೊಣಗಿ, ಆಕೆಗೆ ಕಾಣಲೆಂದು ನಕ್ಕಳು.

ಸುಶೀಲಾಬಾಯಿ ಚಾಪೆಯ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಕ್ಯಾಮೆರಾ ಓಡತೊಡಗಿತು. ವೈಜನಾಥ ಹೆಗಲ ಮೇಲೆ ಮರ ಕೆತ್ತುವ ಬಾಚಿ ಇಟ್ಟುಕೊಂಡು ಒಳಗೆ ಬಂದ, ನೋಡಿದ, ಬಾಚಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿ ಹೆಣದ ಪಕ್ಕ ಕುಕ್ಕರಿಸಿದ. ಮೊದಲು ಗದ್ದ ನಡುಗಿತು, ಆಮೇಲೆ ಕೆನ್ನೆಯ ಮೇಲೆ ನೀರು ಇಳಿಯಿತು. ಲೈಟು ಹಿಡಿದವನೂ ಮೂಗು ಒರೆಸಿಕೊಂಡ. ಇದು ಗ್ಲಿಸರಿನ್ನಿನ ನೀರಲ್ಲ. ತನ್ನ ಅವ್ವ ಸತ್ತ ದಿನ ಅವನು ಹೀಗೇ ಅತ್ತಿದ್ದ. ಅವಳು ಕಾಲ ಬುಡದಲ್ಲಿದ್ದ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಆಗ ವೈಜನಾಥ ಯಾರೂ ಹೇಳಿಕೊಡದ ಕೆಲಸವೊಂದನ್ನು ಮಾಡಿದ. ಸುಶೀಲಾಬಾಯಿಯ ಕತ್ತಿನ ಕೆಳಗೆ ಕೈ ಹಾಕಿ ಎಬ್ಬಿಸಿ, ಗೋಡೆಗೆ ಒರಗಿಸಿ ಕೂರಿಸಿದ. ಕಾಲು ಮಡಚಿ ಚಕ್ಕಳಮಕ್ಕಳ ಹಾಕಿಸಿದ. ತಲೆಯ ಮೇಲೆ ಸೆರಗು ಹೊದಿಸಿದ. ಪಕ್ಕದ ಒಲೆಯಿಂದ ಬೂದಿ ತೆಗೆದು ಮೂರು ಬೆರಳಲ್ಲಿ ಅವಳ ಹಣೆಗೆ ಅಡ್ಡಡ್ಡ ಎಳೆದ. ಬೂದಿ ಮೂಗಿಗೆ ಬಿದ್ದು ಹೆಣ ಸೀನಿತು.

"ಕಟ್," ಎಂದ ನಿರ್ದೇಶಕ. "ಏನಯ್ಯಾ ಇದು? ಹೆಣವನ್ನ ಯಾಕೆ ಕೂರಿಸಿದೆ? ಈ ಬೂದಿ ಯಾವ ಸೀನಿನಲ್ಲಿತ್ತು?"

ವೈಜನಾಥ ತನ್ನ ಬೆರಳುಗಳನ್ನೇ ನೋಡಿಕೊಂಡ. "ತಪ್ಪಾಯಿತು, ಸಾಹೇಬ. ಗೊತ್ತಾಗಲಿಲ್ಲ."

ಎಲ್ಲರೂ ನಕ್ಕರು. ನಗದೆ ಇದ್ದವಳು ಮಲ್ಲಮ್ಮ ಒಬ್ಬಳೇ. ತಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಸುಶೀಲಾಬಾಯಿಯನ್ನಾಗಲಿ ಮರಾಠಿ ಬಡಗಿಯ ಹೆಂಡತಿಯನ್ನಾಗಲಿ ಯಾರೂ ಹಾಗೆ ಕೂರಿಸಬೇಕಾಗಿರಲಿಲ್ಲ. ಚೀಲ ಮಡಿಲಿಂದ ಜಾರಿ ಕೆಳಗೆ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ.

ಕೈ ತೊಳೆಯಲು ವೈಜನಾಥ ಹಿತ್ತಲಿಗೆ ಬಂದಾಗ ಅವಳೇ ತಂಬಿಗೆಯಿಂದ ನೀರು ಹಾಕಿದಳು.

"ಯಾರನ್ನ ನೆನಸ್ಕೊಂಡ್ರಿ?"

ಅವನು ತಲೆ ಎತ್ತಲಿಲ್ಲ. "ಅಳು ಬರಬೇಕಲ್ಲ. ಆಕಿ ಮಾರಿ ನೋಡಿದ್ರ ಬರಾಂಗಿಲ್ಲ. ನೀ ಹೋದಂಗ ಅನ್ಕೊಂಡೆ. ಆಮ್ಯಾಲ ಖರೇನೇ ಅನಸ್ತು."

ಮಲ್ಲಮ್ಮನ ಎದೆ ತುಂಬಿತು. ಹದಿನಾರು ವರ್ಷದಲ್ಲಿ ಗಂಡ ಇಷ್ಟು ಮಾತಾಡಿದ್ದೇ ಇಲ್ಲ. ಆದರೆ ಹೊಟ್ಟೆಕಿಚ್ಚಿನ ಅಭ್ಯಾಸ ಸುಲಭಕ್ಕೆ ಬಿಡುವಂಥದ್ದಲ್ಲ. ತನಗೆ ಸಲ್ಲಬೇಕಾದ ವಿಭೂತಿ, ತನಗೆ ಸಲ್ಲಬೇಕಾದ ಅಳು, ಎರಡೂ ಆ ಹೆಂಗಸಿನ ಪಾಲಾದವಲ್ಲ ಎಂದು ಅವಳಿಗೆ ತಡೆಯಲಾಗದಷ್ಟು ಸಂಕಟವಾಯಿತು.

ಒಳಗಿನಿಂದ ನಿರ್ದೇಶಕ ಇನ್ನೊಮ್ಮೆ ಬಾ ಎಂದು ಕೂಗಿದ. ಸುಶೀಲಾಬಾಯಿ ಹಣೆ ಒರೆಸಿಕೊಂಡು ಮತ್ತೆ ಚಾಪೆಯ ಮೇಲೆ ಮಲಗಿದ್ದಳು. ಮಲ್ಲಮ್ಮ ಗಂಡನ ಒದ್ದೆ ಬೆರಳುಗಳನ್ನು ತನ್ನ ಸೆರಗಿನಲ್ಲಿ ಒಂದೊಂದಾಗಿ ಒರೆಸಿದಳು.

"ಹೋಗ್ರಿ," ಎಂದಳು. "ಈ ಸಲ ಆಕಿನ್ನೇ ಸಾಯಸ್ರಿ."